ತಲೆಕೆಳಗಾಗಿ ನಿಂತ ಕಂಬ

ನಮ್ಮ ತಾಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ದಾವಣಗೆರೆಗೆ ಕೂಡಿಸಿದ ಹೊಸತು ಅದು. ಅಂಗಡಿಗಳ ಬೋರ್ಡಿನ ಮೇಲೆ ಬಳ್ಳಾರಿ ಎಂದಿದ್ದ ಕಡೆ ಬಿಳಿ ಬಣ್ಣ ಹೊಡೆದು ದಾವಣಗೆರೆ ಎಂದು ಬರೆಸುತ್ತಿದ್ದರು. ಬಣ್ಣ ತೆಳ್ಳಗಿದ್ದು ಕೆಳಗಿನಿಂದ ಬಳ್ಳಾರಿ ಇಣುಕುತ್ತಲೇ ಇರುತ್ತಿತ್ತು. ಸಂಜೆ ಕರೆಂಟು ಹೋದರೆ ಎಲ್ಲರೂ ಕಟ್ಟೆಗೆ ಬಂದು ಕೂರುತ್ತಿದ್ದರು. ಬಸ್‌ಸ್ಟ್ಯಾಂಡಿನ ಕಡೆಯಿಂದ ಮಿರ್ಚಿ ಕರಿಯುವ ವಾಸನೆ ಓಣಿಯ ತುದಿಯವರೆಗೂ ಬರುತ್ತಿತ್ತು. ನೀವೂ ಅಂಥ ಕಟ್ಟೆಯ ಮೇಲೆ ಕೂತವರೇ, ಅಂಥ ಕತ್ತಲಲ್ಲಿ ಕಣ್ಣಾಮುಚ್ಚಾಲೆ ಆಡಿದವರೇ. ಅದನ್ನೆಲ್ಲ ಮತ್ತೆ ವರ್ಣಿಸಿ ನಿಮ್ಮ ಕಣ್ಣಲ್ಲಿ ನೀರು ತರಿಸುವ ಇರಾದೆ ನನಗಿಲ್ಲ. ನಾನು ಹೇಳಲು ಕೂತಿರುವುದು ಒಂದು ಬಾಗಿಲಿನ ಕಥೆ. ಅದನ್ನು ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ಹರಪನಹಳ್ಳಿ ಸೀಮೆಯ ಒಂದು ಊರು, ಹಳ್ಳಿ ಎಂದರೆ ನಮಗೆ ಸಿಟ್ಟು, ಪಟ್ಟಣ ಎಂದರೆ ಬೇರೆಯವರಿಗೆ ನಗು, ಅಂಥದ್ದು ಎಂದುಕೊಳ್ಳಿ.

ನಮ್ಮ ಓಣಿಯ ಬಾಯಿಗೆ ಒಂದು ಅಗಸೆ ಇತ್ತು. ಪಾಳೇಗಾರರ ಕಾಲದಲ್ಲಿ ಊರ ಸುತ್ತ ಕೋಟೆಯಿದ್ದಾಗ ಕಟ್ಟಿದ ಹೆಬ್ಬಾಗಿಲು ಅದು. ಕೋಟೆಯ ಗೋಡೆಯನ್ನು ಜನ ಒಂದೊಂದೇ ಕಲ್ಲು ಕಿತ್ತು ಮನೆ ಕಟ್ಟಿಕೊಂಡು ಮುಗಿಸಿದ್ದರು, ಅಗಸೆಯೊಂದು ಹೇಗೋ ಉಳಿದುಕೊಂಡಿತ್ತು. ಎರಡು ಕಡೆ ಕಂಬ, ಮೇಲೆ ಅಡ್ಡಲಾಗಿ ಕಲ್ಲಿನ ತೊಲೆ, ಅದರ ಮೇಲೆ ಇಟ್ಟಿಗೆ ಗಾರೆಯ ಸಣ್ಣ ನಗಾರಿ ಕೋಣೆ, ಕೋಣೆಯ ತುಂಬ ಪಾರಿವಾಳ. ಒಳಗೆ ಎಡಬಲಕ್ಕೆ ಕಾವಲಿನವರು ಕೂರುತ್ತಿದ್ದ ಕಟ್ಟೆಗಳು. ಬೇಸಿಗೆಯಲ್ಲಿ ಊರೆಲ್ಲ ಕಾದ ಹಂಚಾದಾಗಲೂ ಆ ಕಟ್ಟೆ ತಣ್ಣಗಿರುತ್ತಿತ್ತು. ಮಧ್ಯಾಹ್ನ ಗಂಡಸರು ಚೌಕಾಬಾರ ಆಡುತ್ತಿದ್ದರು, ಹೊತ್ತು ಇಳಿದ ಮೇಲೆ ಹೆಂಗಸರು ಮೊರದ ತುಂಬ ಶೇಂಗಾ ತಂದುಕೊಂಡು ಸುಲಿಯಲು ಕೂರುತ್ತಿದ್ದರು.

ಎರಡು ಕಂಬಗಳಿಗೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಎಡಗಡೆಯದು ಚೌಕಾಕಾರದ ಒರಟು ಕಲ್ಲು. ಬಲಗಡೆಯದು ಕಪ್ಪು, ದುಂಡಗೆ, ನುಣ್ಣಗೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಅದರ ಮೇಲುಭಾಗ ಲೋಟ ಇಟ್ಟ ಹಾಗೆ ಬಾಯಿ ಅಗಲ ಮಾಡಿಕೊಂಡಿತ್ತು. ಹಾಗಾಗಿ ಓಣಿಯವರೆಲ್ಲ ಅದನ್ನು ಲೋಟದ ಕಂಬ ಎನ್ನುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದವರಿಲ್ಲ.

ಕೇಳಿದ್ದು ಗಿರಿಜತ್ತೆ. ಅಪ್ಪನ ತಂಗಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು, ನಮ್ಮ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಲಿಂಗಪೂಜೆ ಮಾಡದೆ ಹನಿ ನೀರು ಕುಡಿದವಳಲ್ಲ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಇದು ಓಣಿಗೆ ಹಳೇ ಗಾಯ, ಅವಳಿಗಲ್ಲ. ಗಾಯ ಇಲ್ಲದವರೇ ಅದನ್ನು ಕೆರೆಯುತ್ತಿದ್ದರು. ಅತ್ತೆ ಅದನ್ನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ, ಅಥವಾ ಹಾಕಿಕೊಂಡರೂ ತೋರಿಸುತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಅವಳು ನನ್ನನ್ನೂ ಹುಲಿಗಿಯನ್ನೂ ಬೆನ್ನಿಗೆ ಕಟ್ಟಿಕೊಂಡಳು. ಹುಲಿಗಿ ಎಂದರೆ ಹಿಂದಿನ ಮನೆಯ ಹುಲಿಗೆಮ್ಮ, ನನ್ನ ಕ್ಲಾಸಿನವಳು. ಅವರಪ್ಪನಿಗೆ ಒಂದು ಜೊತೆ ಎತ್ತು, ಊರ ಹೊರಗೆ ಜೋಳ ಶೇಂಗಾ ಬೆಳೆಯುವ ಹೊಲ ಇತ್ತು. ಅತ್ತೆ ನಮಗೊಂದು ಆಟ ಕಲಿಸಿದಳು. ಕಣ್ಣಿಗೆ ಬಟ್ಟೆ ಕಟ್ಟಿ ಯಾವುದಾದರೂ ಮನೆಯ ಗೋಡೆಯ ಮುಂದೆ ನಿಲ್ಲಿಸುತ್ತಿದ್ದಳು. ಮುಟ್ಟಬೇಕು, ಮೂಸಬೇಕು, ಯಾವ ಗೋಡೆ, ಯಾವ ಕಾಲದ್ದು ಎಂದು ಹೇಳಬೇಕು. ಮಣ್ಣಿನ ಗೋಡೆಯಾದರೆ ಸಗಣಿ ಸಾರಿಸಿದ ವಾಸನೆ, ಕೈಗೆ ಹುಡಿ ಅಂಟುತ್ತಿತ್ತು. ಸುಣ್ಣದ ಗಾರೆಯಾದರೆ ಹಾವಿನ ಮೈ ಥರ ತಣ್ಣಗೆ, ನುಣ್ಣಗೆ. ಸಿಮೆಂಟಾದರೆ ಕೈ ಕಚ್ಚುತ್ತಿತ್ತು.

"ಸಿಮೆಂಟು, ಸಿಮೆಂಟು," ಎಂದು ಹುಲಿಗಿ ಕಿರುಚುವಳು.

"ಸಿಮೆಂಟು ಅನ್ನಾಕ ಅಷ್ಟ್ಯಾಕ ಸಂಭ್ರಮ ಪಡ್ತೀಯಲೇ," ಎಂದು ಅತ್ತೆ ನಗುವಳು.

ಆಟ ಆಡುತ್ತ ಆಡುತ್ತ ನಮಗೆ ಊರು ಓದಲು ಬಂತು. ಮಾಳಿಗೆ ಮನೆಗಳ ಜಂತಿ, ಅದರ ಮೇಲೆ ಹಾಸಿದ ಜಾಲಿ ಕಟ್ಟಿಗೆ, ಮೇಲೆ ಸವಳು ಮಣ್ಣು, ನಡುವೆ ಬೆಳಕಿಂಡಿ. ಪೇಟೆ ಬೀದಿಯ ಸಾಹುಕಾರರ ಮನೆಯ ನೆತ್ತಿಯ ಮೇಲೆ ಎರಡು ಗಾರೆ ಸಿಂಹ, ಅವುಗಳ ನಡುವೆ ಕನ್ನಡಕ ಹಾಕಿಕೊಂಡ ಗಾಂಧಿ. ಸಿಂಹ ಮಾಡಿದವನು ಸಿಂಹ ನೋಡಿರಲಿಲ್ಲ, ಹಾಗಾಗಿ ಅವಕ್ಕೆ ನಾಯಿಯ ಮುಖ ಬಂದಿತ್ತು. ಅತ್ತೆ ಅದನ್ನು ತಮಾಷೆ ಮಾಡಲು ಬಿಡುತ್ತಿರಲಿಲ್ಲ. "ನೋಡದಿದ್ದದ್ದನ್ನ ಮಾಡಾಕ ಧೈರ್ಯ ಬೇಕು," ಎನ್ನುತ್ತಿದ್ದಳು. ದರ್ಗಾದ ಬಾಗಿಲಿನ ಕಮಾನು, ಪ್ರವಾಸಿ ಬಂಗಲೆಯ ಮಂಗಳೂರು ಹೆಂಚು, ಬಾಗಿಲ ಚೌಕಟ್ಟಿನ ಗಿಳಿ ಕೆತ್ತನೆ, ಎಲ್ಲವನ್ನೂ ಸ್ಲೇಟಿನ ಮೇಲೆ ಬರೆಸಿದಳು. ಬರೆದು ಅಳಿಸು, ಮತ್ತೆ ಬರೆ. ಓಣಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ಹುಡುಗೇರು ಹಪ್ಪಳ ಸಂಡಿಗೆ ಹಾಕುವುದು ಕಲಿಯುವ ವಯಸ್ಸಿನಲ್ಲಿ ಕಂಡವರ ಬಾಗಿಲು ನೋಡಿಕೊಂಡು ತಿರುಗುತ್ತಾವೆ ಎಂದು. ನಾವು ಹಪ್ಪಳವನ್ನೂ ಕಲಿತೆವು. ಅದು ಯಾವ ಮಹಾ ವಿದ್ಯೆ.

ಲೋಟದ ಕಂಬದ ಮುಂದೆ ಮಾತ್ರ ಅತ್ತೆ ಸುಮ್ಮನೆ ನಿಲ್ಲುತ್ತಿದ್ದಳು. ಇದು ಪಾಳೇಗಾರರ ಕಾಲದ ಕೆಲಸವಲ್ಲ, ಇದರ ನಯವೇ ಬೇರೆ, ಎಲ್ಲಿಂದಲೋ ಬಂದಿದೆ ಎನ್ನುತ್ತಿದ್ದಳು. ಒಂದು ದಿನ ಅವ್ವನಿಂದ ಬುತ್ತಿ ಕಟ್ಟಿಸಿಕೊಂಡು ನಮ್ಮಿಬ್ಬರನ್ನು ಹಿರೇಹಡಗಲಿಗೆ ಹೊರಡಿಸಿದಳು. ದಾರಿಯಲ್ಲಿ ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಮಲ್ಲಿಗೆ ಮಾರುವವರ ಬುಟ್ಟಿಗಳ ಘಮ ಡೀಸೆಲ್ ಹೊಗೆಯನ್ನೂ ಮೀರಿತ್ತು. ಅತ್ತೆ ಒಂದು ಮೊಳ ಕೊಂಡು ಮೂರು ತುಂಡು ಮಾಡಿ ಮೂವರ ತಲೆಗೂ ಮುಡಿಸಿದಳು. ಅಲ್ಲಿಂದ ಇನ್ನೊಂದು ಬಸ್ಸು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬಿಸಿಲಿಗೆ ಹುಳಿಯಾದ ಮೊಸರು, ಎಲ್ಲ ಮುಗಿಸಿದ್ದು ಆ ಊರಿನ ಹಳೇ ಕಲ್ಲಿನ ಗುಡಿಯ ಹೊರಗಿನ ನೆರಳಿನಲ್ಲಿ.

ಗುಡಿಯ ಬಾಗಿಲುವಾಡ ನೋಡುತ್ತ ನಾನು ನಿಂತುಬಿಟ್ಟೆ. ಕಲ್ಲಿನಲ್ಲಿ ಬಳ್ಳಿ, ಬಳ್ಳಿಯೊಳಗೆ ಹಕ್ಕಿ, ಹಕ್ಕಿಯ ಪಕ್ಕದಲ್ಲಿ ಕುಣಿಯುವವರು. ಬೆರಳು ತೂರಿಸಿದರೆ ಕೆತ್ತನೆಯ ಹಿಂದೆ ಹೋಗಿ ಇನ್ನೊಂದು ಕಡೆ ಬರುತ್ತಿತ್ತು. ಒಳಗೆ ಕಾಲಿಟ್ಟ ಹುಲಿಗಿ ನನ್ನ ಲಂಗ ಹಿಡಿದು ಎಳೆದಳು. "ಲೇ, ನಮ್ಮ ಲೋಟದ ಕಂಬ ಇಲ್ಲೈತಿ ನೋಡು. ಒಂದಲ್ಲ, ಭಾಳ ಅದಾವ."

ಹೌದು. ಅದೇ ಕಪ್ಪು, ಅದೇ ಹೊಳಪು, ಬುಗುರಿ ಮಾಡುವ ಚರಕಿಯಲ್ಲಿ ತಿರುಗಿಸಿದಂತೆ ಅದೇ ಬಳೆಗಳು. ಆದರೆ ಏನೋ ಸರಿಯಿಲ್ಲ ಎನಿಸಿತು. ನಾನು ಎಷ್ಟೋ ಹೊತ್ತು ನೋಡಿದೆ. ಆಮೇಲೆ ತಲೆಯನ್ನು ಕಾಲ ಸಂದಿಯಲ್ಲಿ ತೂರಿಸಿ ಬಗ್ಗಿ ನೋಡಿದೆ. ಆಗ ಗೊತ್ತಾಯಿತು. ಇಲ್ಲಿ ಅದು ಲೋಟವಲ್ಲ, ಗಂಟೆ. ಬಾಯಿ ಕೆಳಗೆ ಮಾಡಿಕೊಂಡು, ಕಂಬದ ಕೆಳಭಾಗದಲ್ಲಿ ಇದೆ. ನಮ್ಮ ಅಗಸೆಯ ಕಂಬ ತಲೆಕೆಳಗಾಗಿ ನಿಂತಿದೆ.

"ಅತ್ತಿ, ನಮ್ಮ ಕಂಬ ಉಲ್ಟಾ ಐತಿ."

ಅತ್ತೆ ನನ್ನ ಮುಖ ನೋಡಿದಳು, ಕಂಬ ನೋಡಿದಳು, ಅಲ್ಲೇ ಕೂತುಬಿಟ್ಟಳು. ನಕ್ಕಳು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. "ಇಷ್ಟ ವರ್ಷ ಅದರ ಮುಂದ ನಿಂತೀನಿ, ನನಗ ಕಾಣಲಿಲ್ಲ ನೋಡು," ಎಂದು ನನ್ನ ಕೆನ್ನೆ ಹಿಂಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಬಿಡಿಸಿ ಹೇಳಿದಳು. "ದಂಡು ಬರ್ತೈತಿ ಅಂತ ಸುದ್ದಿ ಬಂದಿರತೈತಿ. ಅವಸರದಾಗ ಅಗಸಿ ಕಟ್ಟಬೇಕು. ಎಲ್ಲೋ ಹಾಳು ಬಿದ್ದ ಗುಡಿಯಿಂದ ಒಂದು ಕಂಬ ಎಳಕೊಂಡು ಬಂದಾರ. ಅಗಲ ಇರೋ ಕಡಿ ಮ್ಯಾಲ ಮಾಡಿದ್ರ ತೊಲಿ ಗಟ್ಟಿ ಕೂಡ್ತೈತಿ ಅಂತ ಹಂಗ ನಿಲ್ಲಿಸ್ಯಾರ. ಅವರು ದಡ್ಡರಲ್ಲ. ಚೆಂದಕ್ಕಿಂತ ಜೀವ ದೊಡ್ಡದು ಅಂತ ತಿಳಿದವರು."

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವಳೇ ಓಣಿಗೆಲ್ಲ ಹೇಳಿಕೊಂಡು ಬಂದೆ. ಚೌಕಾಬಾರ ಆಡುವವರಿಗೆ, ಶೇಂಗಾ ಸುಲಿಯುವವರಿಗೆ, ನೀರು ಸೇದುವವರಿಗೆ. ನಮ್ಮ ಅಗಸೆಯೊಳಗೆ ಸಾವಿರ ವರ್ಷದ ಗುಡಿಯ ಕಂಬ ಐತಿ, ಅದು ತಲೆಕೆಳಗಾಗಿ ನಿಂತೈತಿ ಎಂದು. ಆಮೇಲೆ ಆದದ್ದಕ್ಕೆಲ್ಲ ನನ್ನ ಬಾಯಿಯೇ ಕಾರಣ ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಹೇಳಲಿ. ನಿಜ ಕಂಡವಳು ನಿಜ ಹೇಳಿದೆ, ಅದರಲ್ಲಿ ನಾಚಿಕೆಪಡುವಂಥದ್ದು ನನಗೆ ಅಂದೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ಆದದ್ದು ಇಷ್ಟು. ನಮ್ಮ ಓಣಿಯ ಒಳಗೆ ಚನ್ನಬಸಣ್ಣ ಎಂಬವರ ಶೇಂಗಾ ಗೋಡೌನು ಇತ್ತು. ಲಾರಿ ಅಗಸೆಯೊಳಗೆ ಹಿಡಿಯುತ್ತಿರಲಿಲ್ಲ. ಚೀಲಗಳನ್ನು ಕೈಗಾಡಿಯ ಮೇಲೆ ಅಗಸೆಯ ಹೊರಗೆ ಸಾಗಿಸಬೇಕಿತ್ತು. ಅಗಸೆ ಕೆಡವಬೇಕು ಎಂದು ಅವರು ಹೇಳುತ್ತ ಬಂದಿದ್ದರು, ಓಣಿ ಕೇಳಿರಲಿಲ್ಲ. ಚನ್ನಬಸಣ್ಣ ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ತಮ್ಮ ಜೀಪು ಕಳಿಸುತ್ತಿದ್ದರು. ಆದರೆ ಲಾರಿಯ ಚಿಂತೆ ಅವರಿಗೆ ನಿದ್ದೆಯಲ್ಲೂ ಇತ್ತು. ತಲೆಕೆಳಗಾದ ಕಂಬದ ಸುದ್ದಿ ಅವರ ಕೈಗೆ ಬಂದದ್ದೇ ತಡ, ಒಂದು ಸಂಜೆ ಕಟ್ಟೆಯ ಮೇಲೆ ಓಣಿಯ ಹಿರಿಯ ರುದ್ರಪ್ಪಜ್ಜನ ಮುಂದೆ ಎಲ್ಲರನ್ನೂ ಕೂಡಿಸಿದರು.

"ತಲಿ ಕೆಳಗ ಮಾಡಿ ನಿಲ್ಲಿಸಿದ ಕಂಬದ ಬುಡಕ ನಾವು ದಿನಾ ಅಡ್ಡಾಡ್ತೀವಿ," ಎಂದರು ಚನ್ನಬಸಣ್ಣ. "ಹಿಂಗಾದ್ರ ಓಣಿ ಹೆಂಗ ಉದ್ಧಾರ ಆಗಬೇಕು, ನೀವ ಹೇಳ್ರಿ."

ಅಷ್ಟು ಸಾಕಾಯಿತು. ಒಬ್ಬನ ಎಮ್ಮೆ ಸತ್ತದ್ದು, ಇನ್ನೊಬ್ಬನ ಬೋರು ಬತ್ತಿದ್ದು, ಮತ್ತೊಬ್ಬನ ಮಗ ಎಸ್ಸೆಲ್ಸಿ ಫೇಲಾದದ್ದು, ಎಲ್ಲಕ್ಕೂ ಕಂಬವೇ ಹೊಣೆಯಾಯಿತು. ಆಮೇಲೆ ಹಿಂದಿನಿಂದ ಒಬ್ಬರು ದನಿ ತೆಗೆದರು. "ಅದೆಲ್ಲ ಇರ್ಲಿ, ಓಣಿ ಹೆಣ್ಮಕ್ಕಳಿಗೆ ಕಂಕಣ ಕೂಡಿ ಬರವಲ್ದು. ಎದಕ್ಕಂತ ಈಗ ತಿಳೀತು." ಹಾಗೆಂದು ನಮ್ಮ ಮನೆಯ ಕಡೆ ನೋಡಿದರು.

ನಾನು ಅತ್ತೆಯ ಪಕ್ಕದಲ್ಲಿ ನಮ್ಮ ಬಾಗಿಲಲ್ಲೇ ನಿಂತಿದ್ದೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. "ಗಿರಿಜಾ, ಒಳಗ ಬಾ," ಎಂದ ಅಪ್ಪ. ಅವಳು ತಿರುಗಿ ಸಹ ನೋಡಲಿಲ್ಲ. ಹೆಂಗಸರು ಸಭೆಯ ನಡುವೆ ಹೋಗಿ ನಿಲ್ಲುವ ರೂಢಿ ನಮ್ಮಲ್ಲಿರಲಿಲ್ಲ. ಅವಳು ಹೋಗಿ ಲೋಟದ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ನನಗ ವರಾ ಸಿಗಲಿಲ್ಲಂತ ಯಾರು ಹೇಳಿದ್ರು ನಿಮಗ? ಕೊಟ್ಟೂರಿನಿಂದ ಬಂದಿದ್ರು, ಕೂಡ್ಲಿಗಿಯಿಂದ ಬಂದಿದ್ರು. ಬಂದವರನ್ನ ನಾನ ಒಲ್ಲೆ ಅಂದೀನಿ. ನನ್ನ ಬಾಯಿಲೆ ಅಂದೀನಿ. ಕಂಬಕ್ಕ ಅದರಾಗ ಏನು ಕೆಲಸ?"

ಇಷ್ಟು ದಿನ ಮನೆಯವರು ಹೊರಗೆ ಹೇಳಿಕೊಂಡು ಬಂದದ್ದು ಜಾತಕ ಕೂಡಲಿಲ್ಲ ಎಂದು. ಅಪ್ಪ ತಲೆ ತಗ್ಗಿಸಿದ. ಅವ್ವ ಬಾಗಿಲ ಹಿಂದೆ ಬಾಯಿಗೆ ಸೆರಗು ಇಟ್ಟುಕೊಂಡಳು. ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇದರ ಬುಡಕ ನಿಮ್ಮಜ್ಜಾರು ಹಾದು ಬಂದಾರ, ಮುತ್ತಜ್ಜಾರು ಹಾದು ಬಂದಾರ. ಅವರ ಮಕ್ಕಳು ಮರಿ ನೀವು ಇಷ್ಟು ಮಂದಿ ಇಲ್ಲಿ ಕುಂತೀರಿ. ಕೇಡು ಇದ್ರ ನೀವು ಎಲ್ಲಿಂದ ಬರ್ತಿದ್ರಿ?"

ರುದ್ರಪ್ಪಜ್ಜ ಮೀಸೆ ಸವರಿಕೊಂಡ. ಅವನು ಯಾರನ್ನೂ ನೋಯಿಸಲಾರದ ಮನುಷ್ಯ, ಅದೇ ಅವನ ದೊಡ್ಡ ದೋಷ. "ಅಗಸಿ ಕೆಡವಾದು ಬ್ಯಾಡ," ಎಂದ. ನನ್ನ ಎದೆ ಹಗುರಾಯಿತು. "ಕಂಬ ಉಲ್ಟಾ ಐತಿ ಅಂತ ಗೊತ್ತಾದ ಮ್ಯಾಲ ಹಂಗ ಬಿಡಾದೂ ಬ್ಯಾಡ. ಕಾರಹುಣ್ಣಿಮಿ ಒಳಗ ಅದನ್ನ ನೆಟ್ಟಗ ಮಾಡಿ ನಿಲ್ಲಸೋಣ. ಎಲ್ಲರಿಗೂ ಸಮಾಧಾನ."

ಎಲ್ಲರಿಗೂ ಸಮಾಧಾನವಾಯಿತು, ಅತ್ತೆಯೊಬ್ಬಳನ್ನು ಬಿಟ್ಟು. "ಮುಟ್ಟಬ್ಯಾಡ್ರಿ ಅಜ್ಜಾ. ಉಲ್ಟಾ ಇರಾದಕ್ಕ ಅದು ಮ್ಯಾಲಿನ ಭಾರ ಹೊತ್ತೈತಿ," ಎಂದಳು. ಈಗಷ್ಟೇ ಮದುವೆ ಒಲ್ಲೆ ಎಂದ ಹೆಂಗಸಿನ ಮಾತನ್ನು ಕೇಳುವ ಮನಸ್ಸು ಅಲ್ಲಿ ಯಾರಿಗೂ ಉಳಿದಿರಲಿಲ್ಲ.

ಮರುದಿನ ಹುಲಿಗಿಯ ಅವ್ವ ಯಲ್ಲವ್ವ ನಮ್ಮ ಹಿತ್ತಲಿಗೆ ಬಂದಳು. ಕೈಯಲ್ಲಿ ಅರಿಶಿನದ ಭಂಡಾರದ ಒಂದು ಪೊಟ್ಟಣ. "ಗಿರಿಜವ್ವ, ನಾ ಹೇಳಿದಂಗ ಮಾಡು. ನಸಿಕಿನ್ಯಾಗ ಎದ್ದು ಕಂಬಕ್ಕ ಒಂದೀಟು ಭಂಡಾರ ಬಡಿ, ಕುಂಕುಮ ಹಚ್ಚು, ಒಂದು ಕಾಯಿ ಒಡಿ. ಕನಸಿನ್ಯಾಗ ಬಂದು ಹೇಳ್ತು ಅಂತ ನಾ ಹೇಳ್ತೀನಿ. ದೇವ್ರಾತಂದ್ರ ಚನ್ನಬಸಣ್ಣ ಅಲ್ಲ, ಅವರಪ್ಪ ಬಂದ್ರೂ ಮುಟ್ಟಂಗಿಲ್ಲ."

ನಾನು ಅತ್ತೆಯ ಕೈ ಹಿಡಿದೆ. "ಹಂಗ ಮಾಡೋಣತ್ತಿ." ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಯಲ್ಲವ್ವನ ಮಾತು ಓಣಿಯಲ್ಲಿ ನಡೆಯುತ್ತಿತ್ತು.

ಅತ್ತೆ ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡು ಯಲ್ಲವ್ವನ ಕೈಗೇ ವಾಪಸು ಇಟ್ಟಳು. "ಯಲ್ಲವ್ವ, ನಿನ್ನ ಮನಸು ದೊಡ್ಡದು. ಆದ್ರ ಕಲ್ಲು ಉಳಸಾಕ ದೇವ್ರ ಹೆಸರ್ಲೆ ಸುಳ್ಳು ಹೇಳಾಕ ನನ್ನಿಂದ ಆಗಂಗಿಲ್ಲ. ಅದು ಬಾಗಲಾ. ಬಾಗಲಾ ಅಂತ ಉಳಿದ್ರ ಉಳೀಲಿ."

"ಉಳೀದಿದ್ರ?"

"ಉಳೀದಿದ್ರ ಉಳಿಸಿಕೊಳ್ಳಾಕ ಬರದ ಮಂದಿ ನಾವು ಅಂತ ಆತು."

ಆಗ ನಾನು ಅತ್ತೆಯ ಜೊತೆ ಮುನಿಸಿಕೊಂಡು ಮಾತು ಬಿಟ್ಟೆ. ಭಂಡಾರ ಹಚ್ಚಿದ್ದರೆ ಅಗಸೆ ಉಳಿಯುತ್ತಿತ್ತು, ಇದನ್ನು ಈಗಲೂ ಒಪ್ಪುತ್ತೇನೆ. ಉಳಿದು ಏನಾಗುತ್ತಿತ್ತು ಎಂಬುದೂ ಈಗ ನನಗೆ ಗೊತ್ತು. ಕಂಬಕ್ಕೆ ಹಸಿರು ಎನಾಮೆಲ್ ಬಣ್ಣ ಬೀಳುತ್ತಿತ್ತು, ಸುತ್ತ ಟೈಲ್ಸು, ಮುಂದೆ ಕಬ್ಬಿಣದ ಗೇಟು, ಮೇಲೆ ಮೈಕು. ನಮ್ಮ ಸೀಮೆಯಲ್ಲಿ ಒಂದು ಕಟ್ಟಡಕ್ಕೆ ಮರ್ಯಾದೆ ಸಿಗಬೇಕಾದರೆ ಅದು ದೇವರಾಗಬೇಕು, ದೇವರಾದ ಮೇಲೆ ಅದು ಕಟ್ಟಡವಾಗಿ ಉಳಿಯುವುದಿಲ್ಲ. ಮನುಷ್ಯರು ಮನುಷ್ಯರಿಗಾಗಿ ಕಟ್ಟಿದ್ದು ಅನ್ನುವ ಒಂದೇ ಕಾರಣಕ್ಕೆ ಯಾಕೆ ಅದನ್ನು ಉಳಿಸಬಾರದು? ಅತ್ತೆಯ ಹಟ ಅದು. ಆಗ ಅರ್ಥವಾಗಲಿಲ್ಲ, ಈಗ ಅದು ನನ್ನ ಹಟವೂ ಆಗಿದೆ.

ಕಾರಹುಣ್ಣಿಮೆ ಹತ್ತಿರ ಬಂತು. ಎರಡು ಹದ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಒಂದು ಬೆಳಿಗ್ಗೆ ಚನ್ನಬಸಣ್ಣನವರ ಲಾರಿಯ ಜಾಕುಗಳು ಬಂದವು, ಮರದ ತೊಲೆಗಳು ಬಂದವು, ಗೌಂಡಿ ಇಮಾಮಣ್ಣ ತನ್ನ ಆಳುಗಳೊಂದಿಗೆ ಬಂದ. ಕಲ್ಲಿನ ತೊಲೆಯ ಕೆಳಗೆ ಮರದ ಆನಿಕೆ ಕೊಟ್ಟು, ಜಾಕು ಹಚ್ಚಿ ಕೂದಲೆಳೆಯಷ್ಟು ಎತ್ತಿ ಕಂಬ ಬಿಡಿಸಿಕೊಳ್ಳುವುದು, ತಿರುಗಿಸಿ ಮತ್ತೆ ನಿಲ್ಲಿಸುವುದು. "ತಾಸಿನ ಕೆಲಸ," ಎಂದ ಇಮಾಮಣ್ಣ. ಅತ್ತೆ ಕೊನೆಗೊಮ್ಮೆ ಹೋಗಿ ಹೇಳಿದಳು, ನೆಲ ಹಸಿ ಐತಿ, ಆನಿಕೆ ಕುಸಿದಾವು ಎಂದು. "ಕಲ್ಲು ಹಾಸೀವ್ರಿ ಟೀಚರ್ರ, ನೀವು ಚಿಂತಿ ಮಾಡಬ್ಯಾಡ್ರಿ," ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ಕಂಬ ಸಲೀಸಾಗಿ ಬಿಟ್ಟುಕೊಂಡಿತು. ಹಗ್ಗ ಕಟ್ಟಿ ನಿಧಾನವಾಗಿ ನೆಲಕ್ಕೆ ಮಲಗಿಸಿದರು. ಜನ ಚಪ್ಪಾಳೆ ತಟ್ಟಿದರು. ಹೋಟೆಲಿನಿಂದ ಚಹಾ ಬಂತು, ಒಗ್ಗರಣೆ ಮಂಡಕ್ಕಿ ಬಂತು, ಆಳುಗಳೆಲ್ಲ ಎದುರಿನ ಜಗಲಿಗೆ ಹೋಗಿ ಕೂತರು. ಅದರಿಂದಲೇ ಎಲ್ಲರ ಜೀವ ಉಳಿಯಿತು. ಮೊದಲು ಪಾರಿವಾಳಗಳು ಒಮ್ಮೆಗೇ ಎದ್ದವು. ಆಮೇಲೆ ಒಂದು ಆನಿಕೆ ಮಣ್ಣಿನೊಳಗೆ ಇಳಿಯಿತು, ಬಹಳ ಅಲ್ಲ, ಒಂದು ಗೇಣು. ಕಲ್ಲಿನ ತೊಲೆ ನಡುವೆ ಟಪ್ಪೆಂದು ಸೀಳಿತು. ನಗಾರಿ ಕೋಣೆ ಹಾಗೇ ಕೂತ ಹಾಗೆ ಕೆಳಗೆ ಬಂತು.

ಧೂಳು ಇಳಿದಾಗ ಅಗಸೆಯ ಜಾಗದಲ್ಲಿ ಆಕಾಶ ಇತ್ತು. ಎಡಗಡೆಯ ಒರಟು ಕಂಬವೊಂದು ಸುಮ್ಮನೆ ನಿಂತಿತ್ತು. ಹಳೇ ಗಾರೆಯ ವಾಸನೆ, ಪಾರಿವಾಳದ ಹಿಕ್ಕೆಯ ವಾಸನೆ ಓಣಿಯ ತುಂಬ. ಚನ್ನಬಸಣ್ಣನವರ ಮುಖ ಸುಣ್ಣವಾಗಿತ್ತು. ರುದ್ರಪ್ಪಜ್ಜ ಕಟ್ಟೆ ಇದ್ದ ಕಡೆ ನೋಡುತ್ತ ನಿಂತವನು ನಿಂತೇ ಇದ್ದ. ಅಳುವವರಿಗೂ ಕಡಿಮೆಯಿರಲಿಲ್ಲ. ನನಗೆ ಅವರೆಲ್ಲರ ಮೇಲೆ ಕಲ್ಲು ತೂರಬೇಕು ಎನಿಸಿತು. ಒಂದು ಇಟ್ಟಿಗೆ ಚೂರು ಕೈಗೆ ತೆಗೆದುಕೊಂಡೂ ಇದ್ದೆ. ಅತ್ತೆ ಬಂದು ನನ್ನ ಮುಷ್ಟಿ ಬಿಡಿಸಿದಳು. ಆ ಚೂರನ್ನು ಮೂಸಿ, "ಬೆಲ್ಲ ಹಾಕಿ ಅರೆದ ಗಾರಿ," ಎಂದಳು. ಬೈಯುವುದಕ್ಕೂ ಅವಳಲ್ಲಿ ಏನೂ ಉಳಿದಿರಲಿಲ್ಲ.

ಆ ವರ್ಷದ ಕಾರಹುಣ್ಣಿಮೆ ನೋಡಬೇಕಿತ್ತು ನೀವು. ನಮ್ಮಲ್ಲಿ ಆ ದಿನ ಅಗಸೆಗೆ ಅಡ್ಡಲಾಗಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟುತ್ತಾರೆ, ಅದಕ್ಕೆ ಕರಿ ಎನ್ನುತ್ತಾರೆ. ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಕೋಡುಬಳೆ ಕಟ್ಟಿದ ಎತ್ತುಗಳನ್ನು ಹೊರಗಿನಿಂದ ಓಡಿಸಿಕೊಂಡು ಬರುತ್ತಾರೆ. ಮೊದಲು ಕರಿ ಹರಿಯುವ ಎತ್ತು ಕೆಂಪಗಿದ್ದರೆ ಮುಂಗಾರು ಬೆಳೆ ಚೆನ್ನ, ಬೆಳ್ಳಗಿದ್ದರೆ ಹಿಂಗಾರು. ಅಗಸೆ ಇಲ್ಲದ ಮೇಲೆ ಹಗ್ಗ ಕಟ್ಟುವುದು ಎಲ್ಲಿ? ಎರಡು ಲೈಟು ಕಂಬಗಳಿಗೆ ಕಟ್ಟಿದರು. ಎತ್ತುಗಳಿಗೆ ಅದು ತಿಳಿಯಬೇಕಲ್ಲ. ಬಾಗಿಲು ಕಂಡು ಓಡಿ ರೂಢಿಯಾದ ಎತ್ತುಗಳು ಬಯಲು ಕಂಡು ಚೆದುರಿದವು. ಒಂದು ಚನ್ನಬಸಣ್ಣನವರ ಗೋಡೌನಿಗೆ ನುಗ್ಗಿತು, ಎರಡು ನಮ್ಮ ಹಿತ್ತಲಿಗೆ ಬಂದವು, ಹುಲಿಗಿಯ ಮನೆಯ ಕೆಂದೆತ್ತು ಲೈಟು ಕಂಬಕ್ಕೆ ಸುತ್ತು ಹಾಕಿ ನಿಂತುಕೊಂಡಿತು. ಕರಿ ಹರಿಯಲೇ ಇಲ್ಲ. ಸಂಜೆ ಯಾರೋ ಕುಡುಗೋಲಿನಿಂದ ಕತ್ತರಿಸಿ ಹಾಕಿದರು. ಮಾಡಿದ ಹೋಳಿಗೆಯನ್ನು ತಣ್ಣಗಾದ ಮೇಲೆ ತಿಂದರು.

ಬಿದ್ದ ಕಲ್ಲುಗಳನ್ನು ಜನ ಒಂದೊಂದಾಗಿ ಒಯ್ದರು, ಅವರ ಅಜ್ಜಂದಿರು ಕೋಟೆಯ ಗೋಡೆ ಒಯ್ದ ಹಾಗೆಯೇ. ಕಪ್ಪು ಕಂಬವನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಕೇಡಿನ ಕಂಬವಲ್ಲವೇ. ಅತ್ತೆ ಇಮಾಮಣ್ಣನ ಮನೆಗೆ ಹೋಗಿ ಕರೆದುಕೊಂಡು ಬಂದಳು. ಅವನು ಮುಖ ಎತ್ತದೆ ಬಂದ. ದುಂಡನೆಯ ಕಟ್ಟಿಗೆಗಳನ್ನು ಕೆಳಗೆ ಹಾಕಿ ಕಂಬವನ್ನು ಉರುಳಿಸಿಕೊಂಡು ನಮ್ಮ ಅಂಗಳಕ್ಕೆ ತಂದೆವು. ಅತ್ತೆ, ಯಲ್ಲವ್ವ, ಹುಲಿಗಿ, ನಾನು, ಆಳುಗಳು. ಅರ್ಧ ದಾರಿಗೆ ಅಪ್ಪನೂ ಅಂಗಿ ತೋಳು ಮಡಚಿಕೊಂಡು ಬಂದು ಕೈ ಹಚ್ಚಿದ. ಆ ಸಭೆಯ ಸಂಜೆಯಿಂದ ಅವನು ತಂಗಿಯ ಜೊತೆ ಮಾತು ಬಿಟ್ಟಿದ್ದ. ಆಗಲೂ ಮಾತಾಡಲಿಲ್ಲ, ದೂಡಿದ.

ಕುಣಿ ತೋಡಿ ನಿಲ್ಲಿಸುವ ಹೊತ್ತಿಗೆ ರುದ್ರಪ್ಪಜ್ಜ ಕೋಲೂರಿಕೊಂಡು ಬಂದ. "ಆಗಿದ್ದು ಆತು ತಂಗಿ. ಈಗರ ಅದನ್ನ ನೆಟ್ಟಗ ನಿಲ್ಲಸು."

"ಇಮಾಮಣ್ಣ, ಹೆಂಗಿತ್ತೋ ಹಂಗ ನಿಲ್ಲಸು," ಎಂದಳು ಅತ್ತೆ. ಅಜ್ಜನ ಕಡೆ ತಿರುಗಿದಳು. "ಇದು ನಮ್ಮೂರಾಗ ನಿಂತಿದ್ದ ಹಿಂಗ, ಅಜ್ಜಾ. ಬ್ಯಾರೆ ಊರಾಗ ಇದು ಗುಡಿ ಕಂಬ. ಇಲ್ಲಿ ಇದು ಅಗಸಿ ಕಂಬ. ನೆಟ್ಟಗ ಮಾಡಿದ್ರ ನಮ್ಮದಲ್ಲ."

ಅಜ್ಜ ಕಂಬವನ್ನು ಒಮ್ಮೆ ಕೈಯಿಂದ ಸವರಿ ಹೋದ. ಕಂಬ ನಮ್ಮ ಅಂಗಳದಲ್ಲಿ ಲೋಟದ ಬಾಯಿ ಮೇಲೆ ಮಾಡಿಕೊಂಡು ನಿಂತಿತು. ಮುಂದೆ ಓದಿದವರು, ಬಲ್ಲವರು ಅನೇಕರು ನಮ್ಮ ಮನೆಗೆ ಬಂದಿದ್ದಾರೆ. ಬಂದವರೆಲ್ಲ ಅದು ತಪ್ಪಾಗಿ ನಿಂತಿದೆ ಎಂದು ನಮಗೆ ತಿಳಿಸಿಕೊಡುತ್ತಾರೆ. ನಾವು ಚಹಾ ಕೊಟ್ಟು ಕಳಿಸುತ್ತೇವೆ.

ಹೀಗೆ ಬರೆಯಲು ಕೂತವರು ಕೊನೆಗೆ ಕಾಲವನ್ನು ಬೈದು, ಎಲ್ಲವನ್ನೂ ಕಾಲ ಒಯ್ದಿತು ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಬಿಡುವುದಿಲ್ಲ. ನಮ್ಮ ಅಗಸೆಯನ್ನು ಕಾಲ ಒಯ್ಯಲಿಲ್ಲ, ಕಾಲ ಅದನ್ನು ಎಷ್ಟೋ ತಲೆಮಾರು ಸುಮ್ಮನೆ ಬಿಟ್ಟಿತ್ತು. ಸರಿಮಾಡುತ್ತೇವೆ ಎಂದು ಹೊರಟ ನಾವು ಕೆಡವಿದೆವು. ಅದರೊಂದಿಗೆ ಹೋದದ್ದು ಕಲ್ಲು ಗಾರೆ ಮಾತ್ರವಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೈಮೇಲೆ ಬೀಳುತ್ತಿದ್ದ ಆ ತಂಪು, ಬಂದೆ ಊರಿಗೆ ಎಂಬ ಆ ಒಂದು ಕ್ಷಣ, ಈಗ ನಮ್ಮ ಓಣಿಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಏನೆಂದೇ ಗೊತ್ತಿಲ್ಲ. ಅವರು ರಸ್ತೆಯಿಂದ ರಸ್ತೆಗೆ ಬರುತ್ತಾರೆ. ಹುಲಿಗಿ ಮತ್ತು ನಾನು ಕಣ್ಣು ಮುಚ್ಚಿ ಮುಟ್ಟಿದ ಗೋಡೆಗಳಲ್ಲಿ ಈಗ ಮುಟ್ಟಿದ್ದೆಲ್ಲ ಕೈ ಕಚ್ಚುತ್ತದೆ.

ಅಗಸೆ ಬಿದ್ದ ಜಾಗದಲ್ಲಿ ಕೆಲವು ವರ್ಷಗಳ ಮೇಲೆ ಓಣಿಯವರೇ ಸಿಮೆಂಟಿನ ಸ್ವಾಗತ ಕಮಾನು ಕಟ್ಟಿಸಿದರು. ಲಾರಿ ಹಿಡಿಯುವಷ್ಟು ಎತ್ತರ, ಗುಲಾಬಿ ಬಣ್ಣ. ಹೆಚ್ಚಿನ ಖರ್ಚು ಚನ್ನಬಸಣ್ಣನವರದು. ಅತ್ತೆ ಅದರ ಕೆಳಗೆ ಒಮ್ಮೆಯೂ ಹಾದುಹೋಗಲಿಲ್ಲ. ಹಿಂದಿನ ಸಂದಿಯಿಂದ ಸ್ಕೂಲಿಗೆ ಹೋದಳು, ಸಂದಿಯಿಂದ ಬಂದಳು, ರಿಟೈರಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೂ ಸಂದಿಯಿಂದಲೇ ಬಂದಳು.

ಹೋದ ವರ್ಷ ಅತ್ತೆ ತೀರಿಕೊಂಡಳು. ನಾನು ಹಗರಿಬೊಮ್ಮನಹಳ್ಳಿಯಿಂದ ಬರುವ ಹೊತ್ತಿಗೆ ಅವಳನ್ನು ಹೆಣ ಹೊತ್ತೊಯ್ಯುವ ವಿಮಾನದಲ್ಲಿ ಕೂರಿಸಿ, ಹೂ ಕಟ್ಟಿ, ಭಜನೆಯವರು ಮುಂದೆ ನಿಂತಿದ್ದರು. ನಮ್ಮಲ್ಲಿ ಓಣಿಯ ಹೆಣ ಅಗಸೆಯಿಂದಲೇ ಹೊರಗೆ ಹೋಗಬೇಕು. ಹೊತ್ತವರು ಕಮಾನಿನ ಕಡೆ ತಿರುಗಿದರು. ನಾನು ಅಡ್ಡ ಹೋಗಿ ನಿಂತೆ. ಹುಲಿಗಿ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಸಂದಿಯಿಂದ ಒಯ್ರಿ," ಎಂದೆ.

ಚನ್ನಬಸಣ್ಣನವರಿಗೆ ಈಗ ಕಣ್ಣು ಮಂಜು. ಮೊಮ್ಮಗನ ಭುಜ ಹಿಡಿದುಕೊಂಡು ಮುಂದೆ ಬಂದರು. "ಸಂದಿ ಇಕ್ಕಟ್ಟೈತವ್ವ, ವಿಮಾನ ಹಿಡಿಯಂಗಿಲ್ಲ. ಈಗ ಇದ ಅಗಸಿ ಅಲ್ಲೇನು?"

"ಅಲ್ಲ," ಎಂದೆ.

ಕೊನೆಗೆ ವಿಮಾನ ತಿರುಗಿತು. ಸಂದಿಯಲ್ಲಿ ಅದು ಎರಡೂ ಕಡೆ ಗೋಡೆಗೆ ತಾಗಿತು, ಹೂ ಹರಿಯಿತು, ಸುಣ್ಣ ಉದುರಿ ಹೊತ್ತವರ ಹೆಗಲ ಮೇಲೆ ಬಿತ್ತು. ಅವರು ಅಡ್ಡಡ್ಡ ಹೆಜ್ಜೆ ಹಾಕುತ್ತ ನನ್ನನ್ನು ಬೈದುಕೊಂಡರು. ಬೈದುಕೊಳ್ಳಲಿ.